ದಪ್ಪ ಗೋಡೆಯ ಬ್ಲಾಕ್

ಎಂಜಿನ್ ಒಡೆದಾಗ ಸೊಸೆ ಬೆಟ್ಟದ ರಸ್ತೆಯ ಎರಡನೇ ತಿರುವಿನಲ್ಲಿ ಮಾವನ ಓಟದ ಅಭ್ಯಾಸ ನೋಡುತ್ತಾ ನಿಂತಿದ್ದಳು. ಮೊದಲು ಒಂದು ಕಟಕಟ ಸದ್ದು, ಆಮೇಲೆ ಕಬ್ಬಿಣದ ಹಂಡೆಯನ್ನು ಮಹಡಿಯಿಂದ ಎಸೆದಂಥ ಸದ್ದು. ಓಡಿಹೋಗಿ ನೋಡುವಷ್ಟರಲ್ಲಿ ಮಾವ ಕಾರನ್ನು ಬದಿಗೆ ನಿಲ್ಲಿಸಿ ಬಾನೆಟ್ ಎತ್ತಿದ್ದರು. ಎಂಜಿನ್ನಿನ ಒಡಲಾದ ಬ್ಲಾಕಿನ ಪಕ್ಕೆಯಲ್ಲಿ ಮುಷ್ಟಿ ತೂರುವಷ್ಟು ತೂತು. ಒಳಗಿನ ರಾಡ್ ಮುರಿದು, ಎರಕದ ಕಬ್ಬಿಣವನ್ನೇ ಸೀಳಿಕೊಂಡು ಹೊರಗೆ ಇಣುಕುತ್ತಿತ್ತು.

"ಬೆಸುಗೆ ಹಾಕಿದ್ರೆ?" ಎಂದಳು.

"ಹೆಣಕ್ಕೆ ಹೊಲಿಗೆ ಹಾಕಿ ಏನಮ್ಮ ಪ್ರಯೋಜನ?" ಎಂದರು ಮಾವ.

ಮಾವ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಆ ಎರಡು ಬಾಗಿಲಿನ ಹಳೆಯ ಕಾರು ಅವರ ಯೌವನದ ಆಸೆ, ವಯಸ್ಸಾದ ಮೇಲೆ ಕೈಗೆ ಬಂದದ್ದು. ಸೊಸೆ ಡ್ರೈವಿಂಗ್ ಕಲಿಸುವವಳು. ಮಗನೋ, ಕಾರು ಹತ್ತಿದರೆ ಗೊರಕೆ ಹೊಡೆಯುವ ಜಾತಿ. ಹಾಗಾಗಿ ಷೆಡ್ಡಿನಲ್ಲಿ ಸ್ಪ್ಯಾನರ್ ಹಿಡಿದು ಮಾವನ ಜೊತೆ ನಿಂತವಳು ಅವಳೇ. "ನಮ್ಮ ಸೊಸೆ ನನ್ನ ಮಗನನ್ನ ನೋಡಿ ಒಪ್ಪಿದ್ದಲ್ಲ, ಷೆಡ್ಡನ್ನ ನೋಡಿ ಒಪ್ಪಿದ್ದು" ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಮಾವ, ಸೊಸೆ ಇಬ್ಬರೂ ಗ್ರೀಸ್ ಕೈಯಲ್ಲೇ ಊಟಕ್ಕೆ ಬಂದರೆ ಇಬ್ಬರಿಗೂ ಒಂದೇ ಬೈಗುಳ.

ವರ್ಷಕ್ಕೊಮ್ಮೆ ಆ ಬೆಟ್ಟದಲ್ಲಿ ಹಳೆಯ ಕಾರುಗಳ ಓಟ ನಡೆಯುತ್ತದೆ. ಒಂದೊಂದೇ ಕಾರು ಮೇಲಕ್ಕೆ ಹೋಗಬೇಕು, ಯಾರದು ಕಡಿಮೆ ಸಮಯವೋ ಅವರು ಗೆದ್ದಂತೆ. ಈ ಸಲ ಓಟಕ್ಕೆ ಸೇರಲೇಬೇಕು ಎಂದು ಮಾವ ಹಟ ಹಿಡಿದಿದ್ದರು. "ಮುಂದಿನ ವರ್ಷ ನೋಡೋಣ" ಎಂದು ಯಾರಾದರೂ ಬಾಯಿ ಬಿಟ್ಟರೆ ಸಾಕು, ಮುಖ ಗಂಟಿಕ್ಕಿಕೊಳ್ಳುವರು. ಯಾಕೆ ಈ ಅವಸರ ಎಂಬುದು ಸೊಸೆಗೆ ತಿಳಿಯುತ್ತಿರಲಿಲ್ಲ.

ಈಗ ಬ್ಲಾಕ್ ಬೇಕು. ಅದರಲ್ಲೂ ಎಂಥದ್ದೋ ಒಂದಾದರೆ ಸಾಲದು. ಆ ಎಂಜಿನ್ನಿಗೆ ಕಂಪನಿ ಎರಡು ಬಗೆಯ ಬ್ಲಾಕ್ ಎರಕ ಹೊಯ್ದಿತ್ತು. ಕಾರಿಗೆ ಮಾಮೂಲಿಯದು, ಸರಕು ಸಾಗಿಸುವ ವ್ಯಾನಿಗೆ ಸಿಲಿಂಡರಿನ ಗೋಡೆ ದಪ್ಪಗಿದ್ದದ್ದು. ಗೋಡೆ ದಪ್ಪಗಿದ್ದರೆ ಒಳಗಿನಿಂದ ಕೊರೆದು ಸಿಲಿಂಡರನ್ನು ಹಿಗ್ಗಿಸಬಹುದು. ಸಿಲಿಂಡರ್ ಹಿಗ್ಗಿದಷ್ಟೂ ಬಲ ಜಾಸ್ತಿ. ತೆಳು ಗೋಡೆಯನ್ನು ಹಾಗೆ ಕೊರೆದರೆ ಬಿಸಿಗೆ ಸೀಳಿಹೋಗುತ್ತದೆ. ದಪ್ಪ ಗೋಡೆಯದರ ಗುರುತು ಎಂದರೆ ಪಕ್ಕೆಯ ಮೇಲೆ ಎದ್ದುಬಂದ ಮೂರು ಪಟ್ಟಿ.

ಕಂಡ ಕಂಡ ಗುಜರಿಗೆಲ್ಲ ಫೋನು ಹೋಯಿತು. ಕೊನೆಗೆ ದೂರದ ಊರಿನ ಗುಜರಿ ಅಂಗಡಿಯ ಯಜಮಾನಿ, ಅಂಥ ಎಂಜಿನ್ನಿನ ಎರಡು ಬ್ಲಾಕ್ ಬಂದಿವೆ, ಒಂದಕ್ಕೆ ಪಟ್ಟಿಗಳಿವೆ ಎಂದಳು. ಬೆಳಗಾಗುತ್ತಲೇ ಸೊಸೆಯ ವ್ಯಾನಿನಲ್ಲಿ ಇಬ್ಬರೂ ಹೊರಟರು.

ಅವರು ಮುಟ್ಟುವ ಹೊತ್ತಿಗೆ ಒಬ್ಬ ಗಿರಾಕಿ ಬಂದು ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ತೆಳು ಫ್ರೇಮಿನ ಕನ್ನಡಕ. ಟೈರುಗಳ ರಾಶಿಗೂ ಬಾಗಿಲುಗಳ ರಾಶಿಗೂ ನಡುವೆ, ಎಣ್ಣೆ ಕುಡಿದು ಕಪ್ಪಾದ ನೆಲದ ಮೇಲೆ ಷೂ ಕೊಳೆಯಾಗದಂತೆ ತುದಿಗಾಲಲ್ಲಿ ನಿಂತಿದ್ದ. ಅವನ ಮುಂದೆ ಎರಡು ಬ್ಲಾಕ್. ಪಟ್ಟಿ ಇದ್ದದ್ದರ ಮೇಲೆ ಅವನ ಕೈ.

"ಇವರು ಮೊದಲು ಬಂದ್ರು," ಎಂದಳು ಯಜಮಾನಿ. "ಇವರು ಬೇಡ ಅಂದಿದ್ದು ನಿಮಗೆ. ನನ್ನ ಹತ್ರ ಪಂಕ್ತಿಭೇದ ಇಲ್ಲ."

ಆ ಮನುಷ್ಯ ಕನ್ನಡಕದ ಅಂಗಡಿ ಇಟ್ಟವನು. ಅವನಪ್ಪ ಯಾರದೋ ಮನೆಯಲ್ಲಿ ಇದೇ ಮಾದರಿಯ ಕಾರು ಓಡಿಸುವ ಕೆಲಸದಲ್ಲಿದ್ದರಂತೆ. ಅಂಥದ್ದೇ ಹಳೆಯದೊಂದನ್ನು ಕೊಂಡಿದ್ದ, ಅದನ್ನು ಸರಿಪಡಿಸಿ ಅಪ್ಪನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಊರು ಸುತ್ತಿಸಬೇಕೆಂಬುದು ಅವನ ಆಸೆ. ಇದನ್ನೆಲ್ಲ ಕೇಳದೆಯೇ ಹೇಳಿಬಿಟ್ಟ. ಹೇಳಿ, ಮಾವನ ಕರಿ ಹಿಡಿದ ಉಗುರುಗಳನ್ನು ನೋಡಿ, "ಯಜಮಾನ್ರೇ, ನೀವು ಬಲ್ಲವರ ಹಾಗೆ ಕಾಣ್ತೀರಿ. ನಂಗೆ ಇದರ ತಲೆಬುಡ ಗೊತ್ತಿಲ್ಲ. ಶುಭ್ರವಾಗಿದೆ ಅಂತ ಇದನ್ನ ಹಿಡಿದುಕೊಂಡೆ. ಒಂಚೂರು ನೋಡಿ ಹೇಳ್ತೀರಾ?" ಎಂದ.

ಮಾವ ಮಂಡಿಯೂರಿ ಕುಳಿತರು. ಸೊಸೆ ಟಾರ್ಚ್ ಹಿಡಿದಳು. ನಾಲ್ಕೂ ಸಿಲಿಂಡರ್ ಚೆನ್ನಾಗಿದ್ದವು. ತುಕ್ಕು ಮೇಲ್ಮೇಲಷ್ಟೇ. ಬೇರಿಂಗ್ ಕೂರುವ ಜಾಗ ಕನ್ನಡಿಯ ಹಾಗಿತ್ತು. ಇಷ್ಟು ಒಳ್ಳೆಯ ಬ್ಲಾಕನ್ನು ಅವಳು ಕಂಡೇ ಇರಲಿಲ್ಲ. ಮಾವನ ಹೆಬ್ಬೆರಳು ಎರಡನೇ ಸಿಲಿಂಡರಿನ ಪಕ್ಕ ಬಂದು ನಿಂತಿತು.

"ಬಿರುಕು ಬಿಟ್ಟಿದೆ," ಎಂದರು. "ಇಲ್ಲಿ. ಕೂದಲೆಳೆಯಷ್ಟು. ಇನ್ನೊಂದು ತಗೊಳ್ಳಿ, ನಿಮಗೆ ಸಾಕು."

ಸೊಸೆ ಟಾರ್ಚನ್ನು ಹತ್ತಿರ ತಂದು ನೋಡಿದಳು. ಅಲ್ಲಿ ಬಿರುಕಿರಲಿಲ್ಲ. ಎರಕ ಹೊಯ್ದಾಗ ಮೂಡಿದ ಗೆರೆ ಅದು, ಡಿಪೋದಲ್ಲಿ ಜೀವಮಾನ ಸವೆಸಿದವರಿಗೆ ಗೊತ್ತಾಗದ್ದಲ್ಲ. ಮಾವನ ಬಾಯಲ್ಲಿ ಒಂದು ಸುಳ್ಳನ್ನೂ ಅವಳು ಇದುವರೆಗೆ ಕೇಳಿರಲಿಲ್ಲ. ಬಸ್ಸಿನಲ್ಲಿ ಟಿಕೆಟ್ ಕೊಡಲು ಕಂಡಕ್ಟರ್ ಮರೆತರೆ ಕೂಗಿ ಕರೆಯುವ ಮನುಷ್ಯ.

ಸುಮ್ಮನಿದ್ದರೆ ಯಾರಿಗೇನು ನಷ್ಟ? ಅಪ್ಪನನ್ನು ಊರು ಸುತ್ತಿಸಲು ತೆಳು ಗೋಡೆಯದೇ ಧಾರಾಳ ಸಾಕು. ಹಾಗೆಂದು ಅವಳೂ ಒಂದು ಗಳಿಗೆ ಲೆಕ್ಕ ಹಾಕಿದಳು.

ಕನ್ನಡಕದವನು ನಿಟ್ಟುಸಿರು ಬಿಟ್ಟ. "ಒಳ್ಳೆ ಹೊತ್ತಿಗೆ ಬಂದ್ರಿ. ಅಯ್ಯೋ, ಆದರೆ ನೀವೂ ಇದಕ್ಕೇ ಬಂದಿದ್ರೋ ಏನೋ? ಅಷ್ಟು ದೂರದಿಂದ ಬಂದು, ಪಾಪ, ಒಡಕು ಸಾಮಾನು ಸಿಕ್ಕ ಹಾಗಾಯ್ತಲ್ಲ."

ಮಾವ ತಲೆ ಎತ್ತಲಿಲ್ಲ. ಕಿವಿ ಮಾತ್ರ ಕೆಂಪಗಾಗಿತ್ತು.

"ಮಾವ," ಎಂದಳು ಸೊಸೆ, ಆದಷ್ಟು ಮೆತ್ತಗೆ. "ಅದು ಎರಕದ ಗೆರೆಯೂ ಆಗಿರಬಹುದು. ಇಲ್ಲಿ ಬೆಳಕು ಸಾಲದು. ಸೀಮೆಎಣ್ಣೆ ಹಾಕಿ ನೋಡೋಣ್ವಾ?"

ಮಾವ ಬ್ಲಾಕಿನ ಮೇಲಿಂದ ಹೆಬ್ಬೆರಳು ತೆಗೆದರು. ಆಮೇಲೆ, "ನೋಡಮ್ಮ," ಎಂದರು. "ನೀನೇ ನೋಡು."

ಯಜಮಾನಿ ಸೀಮೆಎಣ್ಣೆ ಕೊಟ್ಟಳು. ಗೆರೆಯ ಮೇಲೆ ಸವರಿ, ಒರೆಸಿ, ಸೀಮೆಸುಣ್ಣದ ಪುಡಿ ಉಜ್ಜಿದರು. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಹೊರಗೆ ಜಿನುಗಿ ಬಿಳಿಯ ಮೇಲೆ ಕಪ್ಪು ಗೀಟು ಮೂಡಬೇಕು. ಎಲ್ಲರೂ ಬಗ್ಗಿ ಕಾದರು. ಪುಡಿ ಬೆಳ್ಳಗೇ ಉಳಿಯಿತು.

"ಬಿರುಕಿಲ್ಲ," ಎಂದರು ಮಾವ. ಎದ್ದು ನಿಂತು ಕನ್ನಡಕದವನ ಮುಖವನ್ನೇ ನೋಡಿ ಹೇಳಿದರು: "ಒಳ್ಳೆ ಬ್ಲಾಕು. ಎರಡರಲ್ಲಿ ಇದೇ ಗಟ್ಟಿ. ಇದನ್ನೇ ತಗೊಳ್ಳಿ. ನನ್ನ ಕಣ್ಣು ಸರಿಯಿಲ್ಲ."

"ಮತ್ತೆ ನಿಮಗೆ?"

"ನಮಗೆ ಇನ್ನೊಂದು ಆಗುತ್ತೆ."

ಕನ್ನಡಕದವನು ಜೇಬಿನಿಂದ ಅಂಗಡಿಯ ಕಾರ್ಡು ತೆಗೆದು ಮಾವನ ಕೈಗಿಟ್ಟ. "ಖಂಡಿತ ಬನ್ನಿ. ಕಣ್ಣಿನ ವಿಷಯ ತಾತ್ಸಾರ ಮಾಡಬಾರದು. ನಾನೇ ಕೂತು ಪರೀಕ್ಷೆ ಮಾಡ್ತೀನಿ." ಮಾವ ಅದನ್ನು ಕೆಂಡ ಹಿಡಿದವರಂತೆ ಹಿಡಿದುಕೊಂಡರು.

ವಾಪಸ್ಸು ಬರುವಾಗ ತೆಳು ಗೋಡೆಯ ಬ್ಲಾಕ್ ವ್ಯಾನಿನ ಹಿಂದೆ ಹಳೆ ಕಂಬಳಿಯ ಮೇಲೆ ಮಲಗಿತ್ತು.

"ಬಯ್ಯೋದಿದ್ರೆ ಬಯ್ದುಬಿಡು," ಎಂದರು ಮಾವ.

"ಆ ಇಲಾಖೆ ಅತ್ತೇದು."

ಮಾವನಿಗೆ ನಗು ಬಂತು, ಆದರೆ ಅರ್ಧಕ್ಕೇ ನಿಂತಿತು. "ಕಣ್ಣು ಸರಿಯಿಲ್ಲ ಅಂದಿದ್ದು ಸುಳ್ಳಲ್ಲಮ್ಮ. ಬಿರುಕಿಲ್ಲ ಅಂತ ಹೆಬ್ಬೆರಳಿಗೆ ಗೊತ್ತಿತ್ತು. ಕಣ್ಣಿಗೆ ಬರೀ ಮಂಜು. ಎಡಗಡೆ ಪೂರ್ತಿ, ಬಲಗಡೆ ಶುರುವಾಗಿದೆ. ಡಾಕ್ಟರ ಹತ್ರ ಹೋದ್ರೆ ಲೈಸೆನ್ಸ್ ಕಿತ್ತುಕೊಳ್ತಾರೆ. ಅಷ್ಟರೊಳಗೆ ಒಂದ್ಸಲ, ಒಂದೇ ಒಂದ್ಸಲ ಆ ಬೆಟ್ಟ ಹತ್ತಿಬಿಡೋಣ ಅಂತ."

ಸೊಸೆ ವ್ಯಾನನ್ನು ಬದಿಗೆ ನಿಲ್ಲಿಸಿಬಿಟ್ಟಳು. "ಮಂಜುಗಣ್ಣಲ್ಲಿ ಬೆಟ್ಟ ಹತ್ತುತ್ತಿದ್ರಾ? ಇಷ್ಟು ದಿನ? ನಾನು ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟಬೇಕಿತ್ತಾ?" ಈಗ ಅವಳಿಗೆ ನಿಜಕ್ಕೂ ಕೋಪ ಬಂದಿತ್ತು, ಕೋಪಕ್ಕಿಂತ ಮೊದಲು ಅಳು. ಅತ್ತೆಯ ಇಲಾಖೆಗೆ ಏನನ್ನೂ ಉಳಿಸದಂತೆ ಬಯ್ದಳು. ಮಾವ ಮಡಿಲಲ್ಲಿ ಕೈ ಇಟ್ಟುಕೊಂಡು ಅಷ್ಟನ್ನೂ ಕೇಳಿದರು.

ಆ ವಾರವೇ ಕನ್ನಡಕದ ಅಂಗಡಿಗೆ ಹೋದರು. ಅವನು ದೀಪ ಹಾಕಿ ನೋಡಿ, ಪೊರೆ ಎಂದ. ತೆಗೆಸಿಬಿಟ್ಟರೆ ಮತ್ತೆ ಕಾಣುತ್ತದೆ, ಲೈಸೆನ್ಸೂ ಉಳಿಯುತ್ತದೆ. ಮಾವ ಅವನನ್ನು ನೋಡುತ್ತಾ ಕುಳಿತರು. ಏನೋ ಹೇಳಲು ಎರಡು ಸಲ ಹೊರಟು, ಕೊನೆಗೆ ಹೇಳಿಯೇ ಬಿಟ್ಟರು: "ಆವತ್ತು ನಾನು ಬೇಕಂತಲೇ ಸುಳ್ಳು ಹೇಳಿದ್ದು." ಕನ್ನಡಕದವನು ಲೆನ್ಸ್ ಒರೆಸುತ್ತಾ ನಕ್ಕ. "ಗೊತ್ತಾಯ್ತು ಬಿಡಿ. ಜನರ ಕಣ್ಣು ನೋಡೋದೇ ನನ್ನ ಕಸುಬಲ್ವಾ?"

ಆ ವರ್ಷದ ಓಟದ ದಿನ, ಪೊರೆ ತೆಗೆಸಿಕೊಂಡ ಮಾವನ ಕಣ್ಣಿಗೆ ಹಸಿರು ಬಟ್ಟೆ ಕಟ್ಟಿತ್ತು. ತೆಳು ಗೋಡೆಯನ್ನು ಹೆಚ್ಚು ಕೊರೆಯದೆ, ಸಿಲಿಂಡರುಗಳ ಮುಚ್ಚಳವಾದ ಹೆಡ್ಡನ್ನು ಉಜ್ಜಿ, ಕಾರ್ಬುರೇಟರ್ ಬದಲಿಸಿ, ಎಂಜಿನ್ನಿನಿಂದ ಬರುವಷ್ಟು ಬಲವನ್ನು ಇಬ್ಬರೂ ಸೇರಿ ಹಿಂಡಿದ್ದರು. ಬೆಟ್ಟ ಹತ್ತಿದವಳು ಸೊಸೆ. ಗೆಲ್ಲಲಿಲ್ಲ, ಕೊನೆಯವಳೂ ಆಗಲಿಲ್ಲ. ಕೆಳಗೆ ಅತ್ತೆಯ ತೋಳು ಹಿಡಿದು ನಿಂತು ಸದ್ದಷ್ಟೇ ಕೇಳಿಸಿಕೊಂಡ ಮಾವ, ಅವಳು ಇಳಿದು ಬಂದ ಕೂಡಲೇ, ಮೂರನೇ ತಿರುವಿನಲ್ಲಿ ಗೇರ್ ತಡವಾಗಿ ಬದಲಿಸಿದೆ ಎಂದರು. ಅದು ನಿಜವಾಗಿತ್ತು.

ಮರುವರ್ಷ ಮಾವನೇ ಓಡಿಸಿದರು. ಸೊಸೆಗಿಂತ ನಿಧಾನ. ಎದುರುಗಾಳಿ ಇತ್ತು ಎಂದು ಇವತ್ತಿಗೂ ವಾದಿಸುತ್ತಾರೆ.