ಮೊದಲ ಚಮಚ

ದಾಕ್ಷಾಯಣಿಗೆ ಪಕ್ಕದ ಮನೆಯ ರನೀಮ್ ಮೇಲೆ ಗುಮಾನಿ ಹುಟ್ಟಿದ್ದು ಒಂದು ಕಾಗದದ ಪೊಟ್ಟಣದಿಂದ.

ಇಂಗ್ಲೆಂಡಿನ ಸ್ಟಾಕ್‌ಪೋರ್ಟಿನ ಆ ಜೋಡಿಮನೆಗಳ ನಡುವೆ ಇರುವುದು ಒಂದೇ ಗೋಡೆ. ಆ ಕಡೆ ಹಾಲು ಕಾದರೆ ಈ ಕಡೆಗೆ ಪರಿಮಳ. ಸಿರಿಯಾದಿಂದ ಬಂದ ರನೀಮ್ ಮುಹಲ್ಲಬಿಯಾ ಎಂಬ ಸಿಹಿ ಮಾಡುತ್ತಿದ್ದಳು. ಹಾಲಿಗೆ ಸಕ್ಕರೆ, ಕಾರ್ನ್‌ಫ್ಲೋರ್ ಕದಡಿ ಕಾಯಿಸಿ, ಕಿತ್ತಳೆ ಹೂವಿನ ನೀರು ಬೆರೆಸಿ, ಬಟ್ಟಲಲ್ಲಿ ಗಟ್ಟಿಯಾಗಲು ಬಿಟ್ಟು, ಮೇಲೆ ಪಿಸ್ತಾ ಉದುರಿಸುವುದು. ಪ್ರಾಣಿಮೂಳೆಯ ಜೆಲಟಿನ್ ಇಲ್ಲವೆಂದು ಆಣೆ ಮಾಡಿದ್ದಳು. ಸಸ್ಯಾಹಾರಿ ದಾಕ್ಷಾಯಣಿ ನಂಬಿದ್ದಳು. ಆದರೆ ಮಾಡುವ ವಿಧಾನ ನೋಡಲು ಹೋದ ದಿನ, ರನೀಮ್ ಡ್ರಾಯರಿನಿಂದ ಹೆಸರಿಲ್ಲದ ಪೊಟ್ಟಣವೊಂದನ್ನು ತೆಗೆದು, ತಿಳಿಹಳದಿ ಹರಳುಗಳನ್ನು ಸಕ್ಕರೆ ಜೊತೆ ಕುಟ್ಟಿ ಹಾಲಿಗೆ ಹಾಕಿದಳು. ಏನದು ಎಂದರೆ, ಯಾವುದೋ ಗಿಡದ ಅಂಟು, ಇಂಗ್ಲಿಷಿನ ಹೆಸರು ಬಾಯಿಗೆ ಬರುತ್ತಿಲ್ಲ ಎಂದಳು. ನಗು ಬೇರೆ.

ಅದಾದರೂ ಹೋಗಲಿ, ಈ ಹೆಂಗಸು ತಾನು ಮಾಡಿದ ಸಿಹಿಯನ್ನು ತಾನು ಮುಟ್ಟುತ್ತಿರಲಿಲ್ಲ. ಎಲ್ಲರಿಗೂ ಹಂಚಿ, ಕೈಕಟ್ಟಿ ಕೂತು, ತಿನ್ನುವವರ ಮುಖವನ್ನೇ ನೋಡುತ್ತಿದ್ದಳು. ಹಾಸನದಲ್ಲಿ ದಾಕ್ಷಾಯಣಿಯ ಅಜ್ಜಿ ಪುಟ್ಟಮ್ಮ ಹೇಳುತ್ತಿದ್ದದ್ದು ಇದನ್ನೇ: ಕೈಮದ್ದಿನ ವಿಷ ಹಾಕುವವರು ಸಿಹಿಯಲ್ಲೇ ಹಾಕುತ್ತಾರೆ, ಬಡಿಸಿದ ಮೇಲೆ ತಾವು ಮಾತ್ರ ತಿನ್ನುವುದಿಲ್ಲ. ಗಂಡ ಅನಂತ ಡಾಕ್ಟರು. ಅವನ ಹತ್ತಿರ ಮದ್ದಿನ ಮಾತೆತ್ತಿದರೆ ವರ್ಷವಿಡೀ ಆಡಿಕೊಂಡು ನಗುತ್ತಾನೆ. ಹಾಗಾಗಿ ಸಂಶಯವನ್ನು ಹೊಟ್ಟೆಯಲ್ಲಿಟ್ಟುಕೊಂಡು, ರನೀಮ್ ಕೊಟ್ಟದ್ದನ್ನೆಲ್ಲ ನಗುನಗುತ್ತಾ ಇಸಕೊಂಡು ಕಸದ ಡಬ್ಬಿಗೆ ಸುರಿಯುತ್ತಿದ್ದಳು.

ದಾಕ್ಷಾಯಣಿಯನ್ನು ಹಳಿಯುವ ಮೊದಲು ಒಂದು ಮಾತು. ಸೊಸೆ ನಿಹಾರಿಕಾ ಏಳು ತಿಂಗಳ ಬಸುರಿ. ಹೋದ ವರ್ಷದ ಬಸಿರು ನಿಂತಿರಲಿಲ್ಲ. ಅವತ್ತೇ ದಾಕ್ಷಾಯಣಿ, ಮೊಮ್ಮಗು ಮಡಿಲಿಗೆ ಬರುವ ತನಕ ಕಾಫಿ ಮುಟ್ಟುವುದಿಲ್ಲ ಎಂದು ದೇವರ ಮುಂದೆ ಹೇಳಿಕೊಂಡಿದ್ದಳು. ಹಾಸನದವಳಿಗೆ ಕಾಫಿ ಬಿಡುವುದೆಂದರೆ ತಮಾಷೆಯಲ್ಲ. ನೆಂಟರೆಲ್ಲ ಒಂದೇ ಒಂದು ಗುಟುಕು ಎಂದು ಪೀಡಿಸುತ್ತಿದ್ದರು. ರನೀಮ್ ಮಾತ್ರ ಒಮ್ಮೆ ಕಾರಣ ಕೇಳಿದವಳು ಮತ್ತೆ ಕಾಫಿಯ ಮಾತೆತ್ತಲಿಲ್ಲ. ದಾಕ್ಷಾಯಣಿ ಹೋದಾಗಲೆಲ್ಲ ಪುದೀನ ಹಾಕಿದ ಬಿಸಿನೀರು ತಂದಿಡುತ್ತಿದ್ದಳು. ಆಗ ಅದೂ ಗುಮಾನಿಗೇ ಸೇರಿತು.

ಬಯಕೆ ಎಂಬುದು ಹೇಳಿ ಕೇಳಿ ಬರುತ್ತದೆಯೇ? ಸೀಮಂತಕ್ಕೆ ಏನು ಮಾಡಲಿ ಎಂದು ಕೇಳಿದರೆ ಸೊಸೆ, ಗುಮಾನಿಗೂ ಮೊದಲು ಒಮ್ಮೆ ರುಚಿ ನೋಡಿದ್ದ ಆ ಹಾಲಿನ ಸಿಹಿಯನ್ನೇ ಕೇಳಿದಳು. ಬಸುರಿಯ ಬಯಕೆ ತೀರಿಸದೆ ಇರುವುದು ಹೇಗೆ? ರನೀಮ್‌ಗೆ ಹೇಳಲೇಬೇಕಾಯಿತು.

ಶನಿವಾರ ಮನೆ ತುಂಬ ಹೆಂಗಸರು. ಹಸಿರು ಸೀರೆ, ಹಸಿರು ಬಳೆ ತೊಟ್ಟ ನಿಹಾರಿಕಾ ಬಟ್ಟಲಿಗೆ ಕೈ ಚಾಚಿದಳು. ದಾಕ್ಷಾಯಣಿ ತಡೆದು, ಚಮಚವನ್ನು ರನೀಮ್ ಕಡೆ ಹಿಡಿದಳು.

"ಮೊದ್ಲು ನೀವು ತಿನ್ನಿ. ನಮ್ಮಲ್ಲಿ ತಂದವ್ರೇ ಮೊದಲನೇ ಚಮಚ ತಿನ್ನೋದು ಪದ್ಧತಿ."

ಅಂಥ ಪದ್ಧತಿ ಎಲ್ಲೂ ಇಲ್ಲ. ನೆರೆದವರು ಮುಖ ಮುಖ ನೋಡಿಕೊಂಡರು. ರನೀಮ್ ಚಮಚ ನೋಡಿದಳು. ನಿಹಾರಿಕಾಳ ಹೊಟ್ಟೆ ನೋಡಿದಳು. ಆಮೇಲೆ ಬಾಯಿಗಿಟ್ಟುಕೊಂಡಳು. ಅದು ಗಂಟಲಿನಿಂದ ಇಳಿಯುವ ತನಕ ದಾಕ್ಷಾಯಣಿ ಕಣ್ಣು ಕೀಳಲಿಲ್ಲ. ಇಳಿದ ಮೇಲೆ ಅವಳಿಗೆ ಎದೆಯ ಮೇಲಿನ ಕಲ್ಲು ಸರಿದ ಹಾಗಾಯಿತು. ನಿಹಾರಿಕಾ ಎರಡು ಬಟ್ಟಲು ಖಾಲಿ ಮಾಡಿದಳು.

ಎಲ್ಲರೂ ಹೋದ ಮೇಲೆ, ಬಾಗಿಲಲ್ಲಿ ರನೀಮ್‌ಗೆ ತಾಂಬೂಲ ಕೊಡುತ್ತಾ, ಇಷ್ಟು ಚೆನ್ನಾಗಿ ಮಾಡುವವರು ಯಾವತ್ತೂ ಯಾಕೆ ತಿನ್ನುವುದಿಲ್ಲ ಎಂದು ದಾಕ್ಷಾಯಣಿ ಹಗುರವಾಗಿ ಕೇಳಿದಳು. ಈಗ ಕೇಳಲು ಧೈರ್ಯವಿತ್ತು.

ಊರಲ್ಲಿ ತಮ್ಮನನ್ನು ಯಾರೋ ಎಳೆದೊಯ್ದರು ಎಂದಳು ರನೀಮ್. ಇದ್ದಾನೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಈ ಸಿಹಿ ಅವನಿಗೆ ಪ್ರಾಣ.

"ಅವನು ಸಿಗೋ ತನಕ ಸಿಹಿ ತಿನ್ನಲ್ಲ ಅಂದ್ಕೊಂಡಿದ್ದೆ. ನಿಮ್ಮ ಕಾಫಿ ಥರಾನೇ. ಆದ್ರೆ ಇವತ್ತು ಮಗುವಿಗೋಸ್ಕರ ತಿಂದೆ, ನಿಮ್ಮ ಪದ್ಧತಿ ಅಂದ್ರಲ್ಲ. ದೇವರಿಗೆ ಅರ್ಥ ಆಗುತ್ತೆ."

ರನೀಮ್ ತಾಂಬೂಲ ಹಿಡಿದು ಪಕ್ಕದ ಬಾಗಿಲು ತೆರೆದು ಒಳಗೆ ಹೋದಳು.

ಅಡುಗೆಮನೆಗೆ ಬಂದು ದಾಕ್ಷಾಯಣಿ ಗಟ್ಟಿ ಡಿಕಾಕ್ಷನ್ ಇಳಿಸಿದಳು. ರನೀಮ್ ಹರಕೆಯನ್ನು ಮುರಿಸಿದವಳಿಗೆ ತನ್ನದನ್ನು ಉಳಿಸಿಕೊಳ್ಳುವ ಹಕ್ಕಿಲ್ಲ ಅನ್ನಿಸಿತು. ಹಾಲು ಬೆರೆಸಿ ಲೋಟ ಎತ್ತಿದಳು. ಬಿಸಿ ತುಟಿಗೆ ತಾಗಿತು. ಅಷ್ಟರಲ್ಲಿ ಹಜಾರದಿಂದ ನಿಹಾರಿಕಾ, ಅತ್ತೆ, ಮಗು ಒದೀತಿದೆ, ಬನ್ನಿ ನೋಡಿ ಎಂದು ಕೂಗಿದಳು.

ದಾಕ್ಷಾಯಣಿಯ ಕೈ ಕೆಳಗಿಳಿಯಿತು. ಕಾಫಿಯನ್ನೆಲ್ಲ ಸಿಂಕಿಗೆ ಚೆಲ್ಲಿ, ತುಟಿಯನ್ನು ಸೆರಗಿನಿಂದ ಒತ್ತಿ ಒತ್ತಿ ಒರೆಸಿಕೊಂಡಳು. ಒಂದು ಗುಟುಕು ಅವಳಿಂದ ಆಗಲಿಲ್ಲ.

ರನೀಮ್ ನುಂಗಿದ್ದಳು.