ವೈಬ್‌ವಾಲಾ ಮತ್ತು ಸೋಮವ್ವನ ಎತ್ತಿದ ಕಾಲು

೧
ಯಾರಿಂದ ಶುರು ಮಾಡಲಿ? ಸೋಮವ್ವನಿಂದಲೋ, ಸತ್ತ ಆ್ಯಪ್‌ನಿಂದಲೋ?

ಆ್ಯಪ್‌ನಿಂದ ಶುರುವಾದ ಡ್ರಾಫ್ಟೊಂದಿತ್ತು: 'ಗುರುವಾರ ಬೆಳಿಗ್ಗೆ ಗಾನಡಬ್ಬಿ ಕೊನೆಯುಸಿರೆಳೆಯಿತು.' ಅದನ್ನು ಓದಿದ ವಿನೋದಿನಿ, "ಎಂತದು ಮಾರಾಯ್ರೆ, ಪೇಪರಿನ ಶ್ರದ್ಧಾಂಜಲಿಯ ಹಾಗೆ ಉಂಟು" ಎಂದರು. ಹರಿದು ಹಾಕಿದೆ. (ಸುಳ್ಳು. ಡಿಲೀಟ್ ಮಾಡಿದೆ. 'ಹರಿದೆ' ಎಂದರೆ ಲೇಖಕನಿಗೆ ಸ್ವಲ್ಪ ತೂಕ ಬರುತ್ತದೆ.)

ಸರಿ, ಸೋಮವ್ವ.

೨
ಸೋಮವ್ವ ಜೋಗೇಶ್ವರಿಯ ಚಾಳಿನಲ್ಲಿ ಜೋಳದ ರೊಟ್ಟಿ ಬಡಿದು, ಲೋಕಲ್ ರೈಲು ಹತ್ತಿ, ಕಾಂದಿವಲಿಯ ಕನ್ನಡದ ಮನೆಗಳಿಗೆ ಕೊಟ್ಟು ಬರುವವಳು. ಊರು ವಿಜಯಪುರದ ಕಡೆ. ವಯಸ್ಸು ಕೇಳಿದರೆ "ನಿಮಗ್ಯಾಕ ಬೇಕ್ರಿ?" ಎನ್ನುತ್ತಾಳೆ.

ವಿನೋದಿನಿ ಉಡುಪಿ ಕಡೆಯವರು, ರಿಟೈರಾದ ಟೀಚರ್. ಬೊರಿವಲಿಯ ಕನ್ನಡ ಬಳಗದ ವಾರ್ಷಿಕೋತ್ಸವಕ್ಕೆಂದು ಕಾಂದಿವಲಿಯ ತಮ್ಮ ಫ್ಲ್ಯಾಟಿನಲ್ಲೇ ಹೆಂಗಸರಿಗೆ ಕುಣಿತ ಕಲಿಸುತ್ತಿದ್ದರು. (ಕೆಳಗಿನ ಫ್ಲ್ಯಾಟು ನನ್ನದು. ಈ ಕಥೆ ನನಗೆ ಹೊಳೆದದ್ದಲ್ಲ, ತಲೆಯ ಮೇಲೆ ಬಿದ್ದದ್ದು.)

ಹಾಡು ಬರುತ್ತಿದ್ದುದು ಮೊಬೈಲಿನ ಗಾನಡಬ್ಬಿಯಿಂದ. ಯಾವುದೋ ಹಳ್ಳಿಯ ಹೆಂಗಸರು ಹಾಡಿದ ಪದ. ಬೇರೆಲ್ಲೂ ಸಿಗದ್ದು. ಒಂದು ದಿನ ರೊಟ್ಟಿ ಕೊಡಲು ಬಂದು ಬಾಗಿಲಲ್ಲಿ ನಿಂತಿದ್ದ ಸೋಮವ್ವನ ಕಾಲು ತಾನಾಗಿಯೇ ತಾಳ ಹಾಕಿತು.

"ಒಳಗೆ ಬನ್ನಿ ಮಾರಾಯ್ತಿ!" ವಿನೋದಿನಿ ಕೈ ಹಿಡಿದು ಎಳೆದರು.

"ನಾ ಯಾವತ್ತೂ ಮಂದಿ ಮುಂದ ಕುಣಿದಾಕಿ ಅಲ್ರೀ ಅಕ್ಕಾರ" ಎನ್ನುತ್ತಲೇ ಬಂದವಳು, ವಾರ ಕಳೆಯುವಷ್ಟರಲ್ಲಿ ಮುಂದಿನ ಸಾಲಿಗೆ ಬಂದಿದ್ದಳು. ಹಸಿರು ಇಳಕಲ್ ಸೀರೆ ತೆಗೆದುಕೊಂಡಳು. ಇಡೀ ಚಾಳಿಗೆ ಡಂಗುರ ಸಾರಿದಳು.

(ವಿನೋದಿನಿಗೆ 'ರು', ಸೋಮವ್ವನಿಗೆ 'ಳು' ಯಾಕೆ ಅಂಕಲ್ ಎಂದು ವಿನೋದಿನಿಯ ಮಗಳು ನಮಿತಾ ಕೇಳಿದಳು. ಇಲ್ಲಿಂದ ಮುಂದೆ ಇಬ್ಬರಿಗೂ 'ರು'.)

೩
ಭಾನುವಾರ ಕಾರ್ಯಕ್ರಮ. ಗುರುವಾರ ವಿನೋದಿನಿ ಗಾನಡಬ್ಬಿ ತೆರೆದರೆ ಪರದೆಯ ತುಂಬ ಬಲೂನು! 'ಗಾನಡಬ್ಬಿ ಈಗ ವೈಬ್‌ವಾಲಾ! ಇವತ್ತು ನಿಮ್ಮ ಮೂಡ್ ಏನು?' ಕೆಳಗೆ ಚಿಲ್, ಪಾರ್ಟಿ, ಬ್ರೇಕಪ್.

ವಿನೋದಿನಿ 'ಸಿಟ್ಟು' ಎಂದು ಟೈಪ್ ಮಾಡಿದರು. ವೈಬ್‌ವಾಲಾ ಜಿಮ್ಮಿನ ಹಾಡು ಹಾಕಿತು.

"ಅಮ್ಮಾ, ಟೆನ್ಷನ್ ಮತ್ ಲೋ," ಎಂದಳು ನಮಿತಾ. "ನಿನ್ನ ಪ್ಲೇಲಿಸ್ಟ್ ಎಲ್ಲಾ ಟ್ರಾನ್ಸ್‌ಫರ್ ಆಗ್ತದೆ, ಪಕ್ಕಾ."

ಆಗಲಿಲ್ಲ. ಶುಕ್ರವಾರ ಕಸ್ಟಮರ್ ಕೇರಿಗೆ ಫೋನ್. ಬಹಳ ಹೊತ್ತು ಕಾಯಿಸಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು.

"ಮ್ಯಾಮ್, ಹಳೆಯ ಸರ್ವಿಸ್ ಬಂದ್ ಆಗಿದೆ. ಹೊಸದನ್ನು ಎಂಜಾಯ್ ಮಾಡಿ."

"ನನಗೆ ಎಂಜಾಯ್ ಬೇಡ ಮಗಾ, ನನ್ನ ಹಾಡು ಬೇಕು."

"ಅದರ ಹಾಗೆಯೇ ಇರುವ ಹಾಡು ಕಳಿಸ್ತೇವೆ ಮ್ಯಾಮ್."

"ನಿನ್ನ ಅಮ್ಮ ಕಳೆದುಹೋದರೆ ಅವಳ ಹಾಗೆಯೇ ಇರುವವಳನ್ನು ಕಳಿಸಿದರೆ ಆಗ್ತದಾ?"

ಹುಡುಗಿ ಬರೆದಿಟ್ಟದ್ದನ್ನು ಓದಿದಳು: "ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಮ್ಯಾಮ್."

ಬೇರೆ ಹಾಡಿಗೆ ಕುಣಿಸಲು ನೋಡಿದರು. ಸೋಮವ್ವನವರ ಕಾಲು ಏಳಲೇ ಇಲ್ಲ. "ಇದು ನನ್ನ ಹಾಡಲ್ರಿ," ಎಂದು ರೊಟ್ಟಿಯ ಡಬ್ಬಿ ಎತ್ತಿಕೊಂಡು ಹೋದರು.

೪
ಭಾನುವಾರ ಬೆಳಿಗ್ಗೆ ನಮಿತಾ ಕಿರುಚಿದಳು. ಸಿಕ್ಕಿತ್ತು! ವೈಬ್‌ವಾಲಾ ಅದನ್ನು 'ಬ್ರೇಕಪ್' ವಿಭಾಗದಲ್ಲಿ ಇಟ್ಟಿತ್ತು. ಡೌನ್‌ಲೋಡ್ ಮಾಡಲು ಬಿಡುತ್ತಿರಲಿಲ್ಲ. ಆದರೇನು, ಹಾಡಂತೂ ಬರುತ್ತಿತ್ತು. ಕೂಡಲೇ ಸೋಮವ್ವನವರಿಗೆ ಫೋನ್ ಹೋಯಿತು.

ಮಧ್ಯಾಹ್ನ ಬೊರಿವಲಿಯ ಹಾಲ್. ವೇದಿಕೆಯ ಪಕ್ಕದಲ್ಲಿ ಮೊಬೈಲು ಹಿಡಿದ ನಮಿತಾ. ಹಾಡು ಶುರುವಾಯಿತು. ನಾನು ಕಣ್ಣಾರೆ ನೋಡಿದ್ದು: ಸೋಮವ್ವನವರ ಮುಖದಲ್ಲಿ ವಯಸ್ಸೇ ಇರಲಿಲ್ಲ. ಸೆರಗು ಬಿಗಿದು, ತಿರುಗಿ, ಎಡಗಾಲು ಎತ್ತಿ...

ಹಾಡು ನಿಂತಿತು. "ಘುಟ್ನೋಂ ಮೇ ದರ್ದ್?" ಎಂದಿತು ಸ್ಪೀಕರು, ಗಟ್ಟಿಯಾಗಿ.

ಜಾಹೀರಾತು. ಮಂಡಿನೋವಿನ ಮುಲಾಮು. ಸಾಲಾಗಿ ಒಂಟಿಕಾಲಲ್ಲಿ ನಿಂತ ಹೆಂಗಸರು. ಇಡೀ ಹಾಲ್ ಹೊಟ್ಟೆ ಹಿಡಿದುಕೊಂಡು ನಕ್ಕಿತು. (ನಾನೂ ನಕ್ಕೆ. ನೀವೂ ಈಗ ನಕ್ಕಿರಿ.)

ಸೋಮವ್ವನವರು ಕಾಲು ಇಳಿಸಿದರು. ಯಾರನ್ನೂ ನೋಡದೆ ವೇದಿಕೆ ಇಳಿದು ಹೋದರು.

೫
ಇಲ್ಲಿ ನನಗೆ ಮೂರು ಅಂತ್ಯಗಳು ಹೊಳೆದವು.

ಅಂತ್ಯ ಒಂದು: ಸೋಮವ್ವನವರು ತಿರುಗಿ ಬಂದು, ಮೈಕ್ ಹಿಡಿದು, ತಾವೇ ಹಾಡುತ್ತಾರೆ. ಚಪ್ಪಾಳೆ. ಇದನ್ನು ಆಮೇಲೊಂದು ದಿನ ಅವರಿಗೇ ಓದಿ ಹೇಳಿದೆ.

"ಹಾಡಿಕೋತ ಕುಣದ್ರ ದಮ್ಮು ಹತ್ತೂದಿಲ್ಲೇನ್ರಿ ಸಾಹೇಬ್ರ? ನೀವು ಒಮ್ಮಿ ಕುಣದು ನೋಡ್ರಿ."

ಅಂತ್ಯ ಎರಡು: ವೈಬ್‌ವಾಲಾದ ಮಾಲೀಕ ಕ್ಷಮೆ ಕೇಳುತ್ತಾನೆ. (ಇದನ್ನು ಬರೆಯುವಾಗ ನನಗೇ ನಗು ಬಂತು.)

ಅಂತ್ಯ ಮೂರು: ಎಲ್ಲರೂ ಸುಮ್ಮನೆ ಮನೆಗೆ ಹೋಗುತ್ತಾರೆ. ವಾಸ್ತವವಾದ. ಇದೇ ಇರಲಿ ಎಂದು ಅವತ್ತು ಅವರ ಹಿಂದೆಯೇ ಲೋಕಲ್ ಹತ್ತಿದೆ.

೬
ಸೋಮವ್ವನವರು, ವಿನೋದಿನಿ, ನಮಿತಾ ಮೂವರೂ ಲೇಡೀಸ್ ಡಬ್ಬಿಯಲ್ಲಿ, ನಾನು ಪಕ್ಕದ ಡಬ್ಬಿಯಲ್ಲಿ, ನಡುವೆ ಜಾಲರಿ. ಸೋಮವ್ವನವರು ಕಿಟಕಿಗೆ ಮುಖ ಮಾಡಿ ಕೂತಿದ್ದರು. ವಿನೋದಿನಿಯ ಮೊಬೈಲು ಟಿಣ್ ಎಂದಿತು.

"ವೈಬ್ ಹೇಗಿತ್ತು ಅಂತ ಕೇಳ್ತದೆ, ದರಿದ್ರದ್ದು," ಎಂದರು ವಿನೋದಿನಿ. "ಎಂತ ಬರೆಯಲಿ ಸೋಮವ್ವಾ?"

"ನನ್ನ ಅರ್ಧಾ ಕುಣಿತ ಬಾಕಿ ಐತಿ ಅಂತ ಬರೀರಿ."

ವಿನೋದಿನಿ ಬರೆಯಲಿಲ್ಲ. ಮೊಬೈಲನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದರು. "ಎಲ್ಲಿಗೆ ನಿಂತಿತ್ತು?"

"ಎಡಗಾಲು ಮ್ಯಾಲಿತ್ರಿ."

ವಿನೋದಿನಿ ಹಾಡತೊಡಗಿದರು. ಶ್ರುತಿ ಒಂದು ಕಡೆ, ಸ್ವರ ಇನ್ನೊಂದು ಕಡೆ. ನಮಿತಾ ಅರ್ಧ ಗೊತ್ತಿದ್ದ ಕನ್ನಡದಲ್ಲಿ ದನಿ ಸೇರಿಸಿದಳು. ಮೀನಿನ ಬುಟ್ಟಿ ಇಟ್ಟುಕೊಂಡಿದ್ದ ಮರಾಠಿ ಹೆಂಗಸೊಬ್ಬಳು ಚಪ್ಪಾಳೆ ತಟ್ಟಿದಳು. (ವೇದಿಕೆಯ ಮೇಲೆ ಇದ್ಯಾಕೆ ಹೊಳೆಯಲಿಲ್ಲ ಎಂದು ಕೇಳಬೇಡಿ. ವೇದಿಕೆಯ ಮೇಲೆ ಯಾರಿಗೆ ಏನು ಹೊಳೆಯುತ್ತದೆ?) ಸೋಮವ್ವನವರು ಎದ್ದರು. ಒಂದು ಕೈಯಲ್ಲಿ ಮೇಲಿನ ಹಿಡಿಕೆ, ಇನ್ನೊಂದರಲ್ಲಿ ಸೆರಗು.

ಕಾಂದಿವಲಿ ಬಂತು. ಒಳ್ಳೆಯ ಜಾಗ, ಇಲ್ಲಿಗೇ ಮುಗಿಸೋಣ ಎಂದು ಇಳಿದೆ. ವಿನೋದಿನಿ, ನಮಿತಾ ಇಬ್ಬರೂ ಇಲ್ಲೇ ಇಳಿಯಬೇಕು. ಇಳಿಯಲಿಲ್ಲ.

"ವಿನೋದಿನಿಯವರೇ, ಕಾಂದಿವಲಿ!" ಎಂದು ಕೂಗಿದೆ.

ಗಾಡಿ ಹೊರಟಿತು. ಬಾಗಿಲಿನಿಂದ ಸೋಮವ್ವನವರ ದನಿ: "ನೀವು ನಡೀರಿ ಸಾಹೇಬ್ರ, ನಮ್ಮದಿನ್ನಾ ಮುಗದಿಲ್ಲ!"