ಸುಡದೆ ಹೋದ ಕೊಬ್ಬು

ಸುದ್ದಿ ತಂದವನು ಹರಿದ ಅಂಗಿಯಲ್ಲಿ, ತಲೆಯ ಮೇಲೆ ಮಣ್ಣು ಸುರಿದುಕೊಂಡು ಬಂದಿದ್ದ. ಯಾಜಕ ಮೆರಾಯ ಫಿಲಿಷ್ಟಿಯರ ಕತ್ತಿಗೆ ಬಿದ್ದಿದ್ದ. ಅವನು ಯುದ್ಧಕ್ಕೆ ಹೊರಿಸಿಕೊಂಡು ಹೋಗಿದ್ದ ದೇವರ ಪವಿತ್ರ ಪೆಟ್ಟಿಗೆಯಾದ ಮಂಜೂಷವೂ ಅವರ ಪಾಲಾಗಿತ್ತು. ಇಷ್ಟು ಹೇಳಿ ಅವನು ನೀರು ಕೇಳಿದ. ಮೆರಾಯನ ಹೆಂಡತಿ ಹೊಗ್ಲಾ ಕೊಟ್ಟಳು. ಖಾಲಿ ಬಟ್ಟಲನ್ನು ತೊಳೆದು ಬೋರಲು ಹಾಕಿದಳು.

ಆ ಬೆಟ್ಟದೂರಿನಲ್ಲಿ ಗಂಡ ಸತ್ತವಳ ದನಿ ಏಳುವವರೆಗೆ ಬೇರೆ ಯಾರೂ ಗೋಳಿಡುವಂತಿರಲಿಲ್ಲ. ಮುಂದಿನ ಅಂಗಳದಲ್ಲಿ ಹೆಂಗಸರು ಕೂದಲು ಬಿಚ್ಚಿಕೊಂಡು ಕಾದಿದ್ದರು. ಹೊಗ್ಲಾಳ ಗಂಟಲಲ್ಲಿ ಏನೂ ಇರಲಿಲ್ಲ.

"ಬಾಯ್ಬಿಡೇ ತಾಯಿ," ಪಕ್ಕದ ಮನೆಯ ಮಿಲ್ಕಾ ಬಾಗಿಲಲ್ಲಿ ಬಗ್ಗಿ ಪಿಸುಗುಟ್ಟಿದಳು. "ಹೊತ್ತು ಮುಳುಗ್ತಾ ಬಂತು. ಕಲ್ಲಿನಂಥೋಳು ಅಂತ ಊರೆಲ್ಲ ಆಡ್ಕೊಳ್ಳುತ್ತೆ."

"ಬರ್ತಿಲ್ಲ ಕಣೇ."

"ಈರುಳ್ಳಿನಾದ್ರೂ ಹೆಚ್ಚು, ಹೋಗು."

ಹೊಗ್ಲಾ ನಿಜಕ್ಕೂ ಹೆಚ್ಚಿದಳು. ಕಣ್ಣು ಉರಿಯಿತು, ದನಿ ಏಳಲಿಲ್ಲ.

ಬಲಿಯ ಕೊಬ್ಬು ಮೊದಲು ಬೆಂಕಿಗೆ, ಅದು ದೇವರದು. ಬೆಂದ ಮಾಂಸದಲ್ಲಿ ಆಮೇಲೆ ಯಾಜಕನ ಪಾಲು. ಮೆರಾಯನಿಗೆ ನೀರಲ್ಲಿ ಬೆಂದದ್ದು ಸೇರುತ್ತಿರಲಿಲ್ಲ, ಹುರಿದದ್ದೇ ಬೇಕು. ಕೊಬ್ಬಿನ ಸಮೇತ ಹಸಿಯಾಗಿಯೇ ಕಿತ್ತು ತರುತ್ತಿದ್ದ. ಮದುವೆಯಾದ ಹೊಸದರಲ್ಲಿ ಅವಳು ತಡೆದಿದ್ದಳು. "ದೇವರೇನು ಬಂದು ಕೇಳಿದ್ನಾ?" ಎಂದು ಅವನು ನಕ್ಕಿದ್ದ. ಆಮೇಲೆ ಹುರಿಯುವುದಷ್ಟೇ ಅವಳ ಕೆಲಸವಾಯಿತು. ತಡೆಯುವುದನ್ನು ಯಾವಾಗ ಬಿಟ್ಟಳೋ, ರುಚಿ ಯಾವಾಗ ಹತ್ತಿತೋ, ಅವಳಿಗೆ ನೆನಪಿರಲಿಲ್ಲ.

ಹಿತ್ತಿಲಲ್ಲಿ ಆಡು ಅರಚಿತು. ಹಗ್ಗ ಹಿಡಿದು ನಿಂತಿದ್ದವಳು ಕೆಳಗಿನ ಹಳ್ಳಿಯ ಚಿಬ್ಯಾ. ದ್ರಾಕ್ಷಿ ಸುಗ್ಗಿಯ ಹಬ್ಬದಲ್ಲಿ ಮೆರಾಯನ ಕಾಲು ಕಟ್ಟಿಕೊಂಡು ಅತ್ತಿದ್ದವಳು. ಗೋಳೇ ಇಲ್ಲದ ಮನೆಯಲ್ಲಿ ಸಾವಾಗಿದೆಯೆಂದು ಅವಳಿಗೆ ತಿಳಿಯುವುದಾದರೂ ಹೇಗೆ?

"ಅಮ್ಮಾ, ಅಯ್ನೋರಿಗೆ ಒಂದ್ ಮಾತು ಹೇಳಿ. ಮಗಳ ಜ್ವರ ಬಿಟ್ಟಿದ್ದಕ್ಕೆ ಹರಕೆ ತಂದಿದ್ದೆ. ಕೊಬ್ಬು ಸುಡೋಕ್ಮುಂಚೇನೇ ಕಿತ್ಕೊಂಡ್ರು. ದೇವರಿಗೆ ಸಲ್ಲಲಿಲ್ಲ, ಜ್ವರ ತಿರುಗಿ ಬಂತು. ಉಳಿದಿರೋದು ಇದೊಂದೇ ಆಡು. ಮೊದ್ಲು ಕೊಬ್ಬು ಸುಟ್ಬಿಡ್ಲಿ, ಮಾಂಸ ಪೂರ್ತಿ ನೀವೇ ಇಟ್ಕೊಳ್ಳಿ."

"ಅವರು ಸತ್ರು," ಎಂದಳು ಹೊಗ್ಲಾ.

"ಅಯ್ಯೋ... ಬೇರೆ ಅಯ್ನೋರು?"

"ಜೊತೆಗೆ ಹೋದೋರೆಲ್ಲ ಸತ್ರು. ಮಂಜೂಷಾನೂ ಹೋಯ್ತು. ದೇವರ ಗುಡಾರ ಖಾಲಿ."

"ಹಂಗಾರೆ ನನ್ನ ಹರಕೆ ಯಾರಿಗೆ ಒಪ್ಪಿಸ್ಲಿ? ನನ್ನ ಮಗಳು?"

ಹೊಗ್ಲಾ ಉತ್ತರ ಹುಡುಕಿದಳು. ಸಿಕ್ಕಿದ್ದು ಒಂದೇ. "ಆವತ್ತಿನ ನಿನ್ನ ಹರಕೆ ಮಾಂಸಾನ ನಾನೇ ಹುರಿದೆ. ನಾನೂ ತಿಂದೆ."

ಚಿಬ್ಯಾ ನಿಂತಲ್ಲೇ ಕುಸಿದಳು. ಹಗ್ಗ ಕೈಯಿಂದ ಜಾರಿತು, ಎದೆಯಿಂದ ಕೂಗೊಂದು ಎದ್ದಿತು. ಅದು ಗೋಡೆ ದಾಟಿ ಮುಂದಿನ ಅಂಗಳಕ್ಕೆ ಹೋಯಿತು.

"ಅಬ್ಬಾ, ಹೊಗ್ಲಾ ಬಾಯ್ಬಿಟ್ಲು!" ಎಂದಳು ಮಿಲ್ಕಾ ಆಚೆಯಿಂದ. ಹೆಂಗಸರೆಲ್ಲ ಎದೆ ಬಡಿದುಕೊಂಡು ಆ ಕೂಗನ್ನು ಎತ್ತಿಕೊಂಡರು. ಬೀದಿ ಎತ್ತಿಕೊಂಡಿತು, ಊರು ಎತ್ತಿಕೊಂಡಿತು.

ಅದು ಯಾರ ದನಿ, ಯಾರಿಗಾಗಿ ಎಂದು ಹೇಳಲು ಹೊಗ್ಲಾ ಹೊರಗೆ ಹೋಗಲಿಲ್ಲ. ಆಡು ಇಳಿಜಾರಿನತ್ತ ಹೊರಟಿತ್ತು. ಅವಳು ಹಗ್ಗ ಹಿಡಿದುಕೊಂಡು, ಚಿಬ್ಯಾ ಅತ್ತು ಮುಗಿಸಲೆಂದು ಕಾದು ನಿಂತಳು.